ಗಾಜಿನ ಬಾಗಿಲಲ್ಲಿ ನನ್ನ ಸೀರೆ

ಮಾರ್ಚ್ ಮೂರು, ಮಧ್ಯಾಹ್ನ

ನನ್ನ ಜಗಳಗಂಟಿ ಗೆಳತಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ತಿರುಗಿ ಬರೆಯಲಿಲ್ಲವೆಂದು ಓಣಿಯ ತುಂಬ ನನ್ನನ್ನು ಬೈದುಕೊಂಡು ತಿರುಗಿರುತ್ತೀಯ, ಗೊತ್ತು. ಬೈದುಕೋ. ಇಲ್ಲಿ ನನ್ನನ್ನು ಬೈಯುವವರಿಗೂ ಗತಿಯಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ ಇದು, ಕಣ್ಣು ಕಿರಿದು ಮಾಡಿಕೊಂಡು ಓದು. ನೀನೂ ಅಲ್ಲಿಗೇ ಬಿಟ್ಟವಳಲ್ಲವೇ, ನಗಬೇಡ.

ಮೊಣಕಾಲು ಪರವಾಗಿಲ್ಲ. ಮೆಟ್ಟಿಲು ಇಳಿಯುವಾಗ ಮಾತ್ರ ನಿನ್ನ ಹಾಗೆ ಗೊಣಗುತ್ತದೆ. ಎದುರು ಮನೆಯಲ್ಲೊಬ್ಬಳು ಮುದುಕಿ ಇದ್ದಾಳೆ. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ಬಾಗಿಲಲ್ಲಿ ಸಿಕ್ಕರೆ ಇಬ್ಬರೂ ತಲೆ ಆಡಿಸುತ್ತೇವೆ. ಮೊನ್ನೆ ಅವಳು ಏನೋ ಉದ್ದಕ್ಕೆ ಹೇಳಿ ಕಣ್ಣೊರೆಸಿಕೊಂಡಳು. ನಾನೂ ನಮ್ಮ ಮಾತಿನಲ್ಲೇ, "ಹೌದಮ್ಮಾ, ಎಲ್ಲರ ಮನೇಲೂ ಇದ್ದದ್ದೇ" ಅಂದೆ. ಸಮಾಧಾನವಾದವಳ ಹಾಗೆ ಒಳಗೆ ಹೋದಳು.

ಪುಟ್ಟಿಯ ಕೆಲಸ ಹೋಯಿತು ಕಣೇ. ನನ್ನ ಮಗಳು ಕಣ್ಣು ಮುಚ್ಚಿದ ದಿನ ಅವಳ ಕೂಸನ್ನು ನಿನ್ನ ಮಡಿಲಿಗೆ ಹಾಕಿ ನಾನು ಗೋಡೆಗೆ ತಲೆ ಚಚ್ಚಿಕೊಂಡೆನಲ್ಲ, ಆ ಕೂಸಿನದು. ಯಂತ್ರಕ್ಕೆ ಮನುಷ್ಯರ ಹಾಗೆ ಮಾತಾಡಲು ಕಲಿಸುವುದು ಅವಳ ಕೆಲಸವಾಗಿತ್ತು. ದಿನವಿಡೀ ಅದಕ್ಕೆ ಕಲಿಸಿ ಮನೆಗೆ ಬಂದರೆ ಇವಳ ಬಾಯಲ್ಲಿ ನನಗೆ ಒಂದು ಮಾತೂ ಉಳಿದಿರುತ್ತಿರಲಿಲ್ಲ. ಒಂದು ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಇದೇ ಮೇಜಿನ ಮುಂದೆ ಕೂತಿದ್ದಳು, ಆಫೀಸಿನವರು ಕೊಟ್ಟ ಕಂಪ್ಯೂಟರ್ ತಾನಾಗಿ ಕಪ್ಪಾಯಿತು. ಕರೆಂಟು ಹೋಯಿತೇನೋ ಎಂದು ನಾನು ದೀಪ ಹಾಕಿ ನೋಡಿದೆ. ದೀಪ ಉರಿಯಿತು. "ಕರೆಂಟಲ್ಲ ಅಜ್ಜಿ, ನಾನು ಹೋದೆ" ಅಂದಳು. ಅಷ್ಟೇ. ಅಳಲೂ ಇಲ್ಲ. ಎರಡು ದಿನ ಬಿಟ್ಟು ಕಂಪನಿಯ ಆಳೊಬ್ಬ ಬಂದು ಕಂಪ್ಯೂಟರ್ ತೆಗೆದುಕೊಂಡು ಹೋದ, ಬದಲಿಗೆ ಒಂದು ರಟ್ಟಿನ ಡಬ್ಬಿ ಕೊಟ್ಟ. ಅದರಲ್ಲಿ ಆಫೀಸಿನಲ್ಲಿ ಹಾಕಿಕೊಳ್ಳುತ್ತಿದ್ದ ಚಪ್ಪಲಿ, ಕಾಫಿ ಕುಡಿಯುವ ಲೋಟ. ತೊಳೆಯದೇ ಕಳಿಸಿದ್ದರು, ದರಿದ್ರದವರು.

ಕೆಲಸ ಇರುವ ತನಕ ಅವಳಿಗೆ ಈ ದೇಶದಲ್ಲಿ ಇರಲು ಅಪ್ಪಣೆ. ಅವಳ ಬೆನ್ನಿಗೆ ನನಗೂ. ಈಗ ಎರಡು ತಿಂಗಳೊಳಗೆ ಬೇರೆ ಕೆಲಸ ಹಿಡಿಯಬೇಕು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಇನ್ನೊಂದು ಕೇಳು. ಹೋದ ವರ್ಷ ಆ ಕಂಪನಿಯವರು ಇವಳ ಫೋಟೊ ತೆಗೆದಿದ್ದರು. "ನಿಮ್ಮ ಕಡೆಯ ಉಡುಪಿನಲ್ಲೇ ಬನ್ನಿ" ಅಂದಿದ್ದರಂತೆ. ಪ್ಯಾಂಟು ಬಿಟ್ಟು ಬೇರೆ ಉಡದವಳಿಗೆ ನನ್ನ ನೇರಳೆ ಸೀರೆ ನಾನೇ ಉಡಿಸಿ, ನೆರಿಗೆ ಹಿಡಿದು, ಪಿನ್ನು ಚುಚ್ಚಿ ಕಳಿಸಿದ್ದೆ. ಆ ಫೋಟೊ ಆಳೆತ್ತರ ಮಾಡಿಸಿ ಕಟ್ಟಡದ ಗಾಜಿನ ಬಾಗಿಲಿಗೆ ಅಂಟಿಸಿದ್ದಾರೆ. ಕೆಳಗೆ ಏನು ಬರೆದಿದ್ದಾರೆಂದು ಆಗಲೇ ಕೇಳಿದ್ದೆ. ಲೋಕದ ಎಲ್ಲ ಬಗೆಯ ಜನಕ್ಕೂ ನಮ್ಮಲ್ಲಿ ಜಾಗವಿದೆ ಎಂದು ಬರೆದಿದೆಯಂತೆ. ಹುಡುಗಿಯನ್ನು ಹೊರಗೆ ಹಾಕಿದರು, ಫೋಟೊ ಕೀಳಲಿಲ್ಲ. ಇವಳ ನಗು ಇನ್ನೂ ಅವರ ಸಂಬಳದಲ್ಲೇ ಇದೆ.

ನಿನಗೊಬ್ಬಳಿಗೇ ಹೇಳುತ್ತೇನೆ, ನಾನು ದಿನಾ ಅಲ್ಲಿಗೆ ಹೋಗುತ್ತೇನೆ. ಗಾಳಿಗೆ ಹೋಗಿ ಬರುತ್ತೇನೆಂದು ಪುಟ್ಟಿಗೆ ಹೇಳಿ, ಎರಡು ಬೀದಿ ದಾಟಿ, ಆ ಬಾಗಿಲ ಮುಂದೆ ನಿಲ್ಲುತ್ತೇನೆ. ಮನೆಯಲ್ಲಿರುವ ಹುಡುಗಿ ಹಾಸಿಗೆಯಲ್ಲಿ ಗೋಡೆ ಕಡೆ ತಿರುಗಿ ಫೋನು ಒತ್ತುತ್ತಾ ಮಲಗಿರುತ್ತಾಳೆ. ಬಾಗಿಲಲ್ಲಿರುವವಳು ನನ್ನನ್ನು ನೋಡಿ ನಗುತ್ತಾಳೆ. ಅಲ್ಲಿನ ಕಾವಲಿನವನು ಮೊದಲ ದಿನ ಓಡಿಸಲು ಬಂದ. ನಾನು ಫೋಟೊದ ಸೀರೆ ತೋರಿಸಿ, ನನ್ನ ಮೈಮೇಲಿನ ಸೀರೆ ಹಿಡಿದು ತೋರಿಸಿದೆ. ಅವನೂ ಎಲ್ಲಿಂದಲೋ ಬಂದವನೇ. ಒಳಗೆ ಹೋಗಿ ಕುರ್ಚಿ ತಂದು ಹಾಕಿದ. ಈ ಕಾಗದವನ್ನೂ ಅವನ ಕೈಲೇ ಅಂಚೆಗೆ ಹಾಕಿಸುತ್ತೇನೆ. ಫೋನಲ್ಲಿ ಹೇಳೋಣವೆಂದರೆ ಇಡೀ ಮನೆಯೇ ಒಂದು ಕೋಣೆ. ನಾನು ಕೆಮ್ಮಿದರೆ ಅವಳಿಗೆ ಎಚ್ಚರ.

ಹಾಗೆಯೇ ಅವಳು ಮಾತಾಡಿದರೆ ನನಗೂ ಕೇಳುತ್ತದೆ. ಮೊನ್ನೆ ಮಧ್ಯಾಹ್ನ ನಾನು ನಿದ್ದೆ ಹೋಗಿದ್ದೇನೆ ಅಂದುಕೊಂಡು ಸ್ನೇಹಿತೆಯ ಜೊತೆ ಫೋನಲ್ಲಿ ಮಾತಾಡುತ್ತಿದ್ದಳು. ಬೇರೊಂದು ದೇಶದಲ್ಲಿ ಕೆಲಸ ಸಿಕ್ಕಿದೆಯಂತೆ. ಇದಕ್ಕಿಂತ ದೊಡ್ಡದು, ಅವಳು ಓದಿದ್ದಕ್ಕೆ ಸರಿಯಾದದ್ದು. ತಿಂಗಳ ಕೊನೆಯೊಳಗೆ ಒಪ್ಪಿಗೆ ಹೇಳಬೇಕಂತೆ.

"ಮನೆಯವರು ಯಾರ್‍ಯಾರು ಅಂತ ಕೇಳಿದ್ರು ಕಣೇ. ಅಜ್ಜಿ ಇದ್ದಾರೆ ಅಂದೆ. ಗಂಡ, ಮಕ್ಕಳಾದ್ರೆ ಕರ್ಕೊಂಡು ಬರಬಹುದು, ಅಜ್ಜಿ ಆ ಲೆಕ್ಕಕ್ಕೆ ಬರಲ್ಲ ಅಂದ್ರು. ನನ್ನ ಸಾಕಿದ್ದೇ ಅವ್ರು ಅಂದ್ರೂ ಕೇಳಲಿಲ್ಲ. ಬೇಡ ಅಂತ ಹೇಳ್ಬಿಡ್ತೀನಿ. ಅಜ್ಜಿಗೆ ಗೊತ್ತಾಗೋದು ಬೇಡ."

ಅಜ್ಜಿ ಕಣ್ಣು ಮುಚ್ಚಿಕೊಂಡೇ ಮಲಗಿದ್ದಳು. ಆ ಬಾಗಿಲಲ್ಲಿ ನನ್ನ ಸೀರೆಗಾದರೂ ಜಾಗವಿದೆ.

ಸಂಜೆ ಎದ್ದು ಏನೂ ಗೊತ್ತಿಲ್ಲದವಳ ಹಾಗೆ, "ಎಲ್ಲೂ ಕೆಲಸ ಸಿಗಲಿಲ್ವೇನೇ?" ಅಂದೆ. "ಇಲ್ಲ ಅಜ್ಜಿ, ಊರಿಗೇ ಹೋಗೋಣ ಬಿಡು, ನಂಗೂ ಸಾಕಾಗಿದೆ" ಅಂತ ನಕ್ಕಳು. ಅದೇ ಫೋಟೊದ ನಗು.

ನೀನು ಮಾತ್ರೆ ನುಂಗದೆ ದಿಂಬಿನ ಕೆಳಗೆ ಬಚ್ಚಿಡಬೇಡ. ಚೆನ್ನಾಗಿರು. ನಿನ್ನ ನಾಲಿಗೆ ಇನ್ನೂ ನೂರು ಕಾಲ ಹರಿತವಾಗಿರಲಿ, ನಾನು ಬರುವ ತನಕ ಅದನ್ನು ಬೇರೆಯವರ ಮೇಲೆ ಮಸೆಯುತ್ತಿರು.

ನಿನ್ನ
ಬಾಯಿಬಡುಕಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ನೀನು ಪುಟ್ಟಿಗೆ ಒಂದು ಸುಳ್ಳು ಕಾಗದ ಬರೆಯಬೇಕು. ಮೈಗೆ ಹುಷಾರಿಲ್ಲ, ನೋಡಿಕೊಳ್ಳಲು ಯಾರೂ ಇಲ್ಲ, ನಿಮ್ಮಜ್ಜಿಯನ್ನು ಕಳಿಸಿಕೊಡು ಎಂದು ಬರಿ. ಅಂಚೆಗೆ ಹಾಕಿದರೆ ತಡವಾಗುತ್ತದೆ, ಪಕ್ಕದ ಮನೆ ಮೇಷ್ಟ್ರ ಫೋನಲ್ಲಿ ಫೋಟೊ ತೆಗೆಸಿ ಕಳಿಸು. ಕಾಯಿಲೆ ಸಾಯುವಂಥದ್ದು ಬೇಡ, ಹೆದರಿ ಅವಳೂ ಜೊತೆಗೆ ಹೊರಟುಬಿಡುತ್ತಾಳೆ. ಸೊಂಟ ಹಿಡಿದಿದೆ ಅನ್ನು, ಸಾಕು. ಅವಳು ಅದನ್ನು ಓದಿ ಹೇಳಿದಾಗ ನಾನು ನಿನ್ನನ್ನು ಬಾಯಿಗೆ ಬಂದಂತೆ ಬೈಯುತ್ತೇನೆ. ಈ ವಯಸ್ಸಿನಲ್ಲಿ ನಿನ್ನ ಚಾಕರಿಗೆ ನಾನು ಹೋಗುವುದಿಲ್ಲವೆಂದು ಹಟ ಹಿಡಿಯುತ್ತೇನೆ. ಆಗ ಪುಟ್ಟಿಯೇ, "ಪಾಪ ಅಜ್ಜಿ, ಹೋಗಿ ಬಾ" ಎಂದು ನನ್ನನ್ನು ಒಪ್ಪಿಸಬೇಕು. ನನ್ನನ್ನು ಬಿಟ್ಟುಹೋದವಳು ತಾನು ಎಂದು ಅವಳಿಗೆ ಯಾವತ್ತೂ ಅನಿಸಬಾರದು. ಅವಳು ಒಪ್ಪಿಸುವಾಗ ನಾನು ಅತ್ತರೆ ಸಿಟ್ಟಿಗೆ ಅಳುತ್ತಿದ್ದೇನೆ ಅಂದುಕೊಳ್ಳುತ್ತಾಳೆ. ಬೇಗ ಬರಿ.