ಬಳುಕಿಯ ನಡಿಗೆ

ರೀ,

ಬಳುಕಿಯನ್ನು ನಾಯಿ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೊರಟಿದ್ದೇನೆ. ನಿಮ್ಮನ್ನು ಎಬ್ಬಿಸಿದ್ದರೆ "ಚೆನ್ನಾಗಿರೋ ನಾಯಿಗೆ ಡಾಕ್ಟರ್ ಯಾಕೆ?" ಅಂತ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಿರಿ.

ಹತ್ತು ಗಂಟೆಗೆ ಟೈಲರಣ್ಣ ತಮ್ಮ ಗಂಡು ನಾಯಿಯನ್ನು ಕರೆತರುತ್ತಾರೆ. ಮಾತು ಕೊಟ್ಟವರು ನೀವು, ತಡೆಯಬೇಕಾದವರೂ ನೀವೇ. ಬೀಗರಿಗೆ ಕಾಫಿ ಕೊಡಿ, ಅಳಿಯನಿಗೆ ನೀರಿಡಿ. ಆದರೆ ಇವತ್ತು ಜೋಡಿ ಮಾಡಿಸುವುದಿಲ್ಲ ಎಂದು ಹೇಳಿಬಿಡಿ.

ನಿನ್ನೆ ಜಪ ಮುಗಿಸಿ ಸುಮ್ಮನೆ ಅವಳನ್ನೇ ನೋಡುತ್ತಾ ಕೂತಿದ್ದೆ. ಮೆಟ್ಟಿಲು ಹತ್ತುವಾಗ ಹಿಂಗಾಲು ಎರಡನ್ನೂ ಒಟ್ಟಿಗೆ ಎತ್ತಿ ಮೊಲದ ಹಾಗೆ ನೆಗೆಯುತ್ತಾಳೆ. ಅವಳ ತಾಯಿಯೂ ಹೀಗೇ ಹತ್ತುತ್ತಿದ್ದಳಲ್ಲವೇ? ಕೊನೆಗೆ ಏಳಲಾರದೆ ಮಲಗಿದಾಗ ವಯಸ್ಸಾಯಿತು ಅಂದುಕೊಂಡೆವು. ಆರು ವರ್ಷ ಒಂದು ವಯಸ್ಸೇ? ಇವಳು ಸೊಂಟ ತೂಗುತ್ತಾ ನಡೆಯುವುದನ್ನು ಮೆಚ್ಚಿ ನಾವೇ ಬಳುಕಿ ಎಂದು ಕರೆದೆವು. ಹೆಸರಿಟ್ಟದ್ದು ಅಂದಕ್ಕೋ, ನೋವಿಗೋ? ಫೋನಿನಲ್ಲಿ ಕೇಳಿದರೆ ಡಾಕ್ಟರಮ್ಮ, "ಸೊಂಟದ ಕೀಲು ಸಡಿಲ ಇರಬಹುದಮ್ಮ. ಇದ್ರೆ ಮರಿಗಳಿಗೂ ಇಳಿಯುತ್ತೆ. ಮೊದ್ಲು ಎಕ್ಸ್‌ರೇ ನೋಡೋಣ" ಅಂದರು.

ಟೈಲರಣ್ಣನ ಹತ್ತಿರ ನಾಯಿಯ ಬಣ್ಣ ಹೇಗೆ, ಕಿವಿ ಹೇಗೆ ಅನ್ನೋ ಮಾತು ಇನ್ನು ಸಾಕು. ಅವರ ನಾಯಿಯ ಅಪ್ಪ ಅಮ್ಮ ಮೆಟ್ಟಿಲು ಹೇಗೆ ಹತ್ತುತ್ತಿದ್ದವು, ಅದನ್ನು ಕೇಳಿ.

"ದೇವರು ಕೊಟ್ಟ ಹಾಗಾಗುತ್ತೆ ಬಿಡು" ಅನ್ನಬೇಡಿ. ನೋಡಲಿ ಅಂತ ಕಣ್ಣು ಕೊಟ್ಟವನೂ ಅವನೇ.

ಎಕ್ಸ್‌ರೇ ನೋಡಿ ಡಾಕ್ಟರಮ್ಮ ಮರಿ ಬೇಡವೆಂದರೆ ನಿಮಗೆ ಬೇಸರವಾಗುತ್ತದೆ, ನನಗೂ ಆಗುತ್ತದೆ. ಊರಿಗೆಲ್ಲ ಬಾಗಿಲು ಮಾಡಿಕೊಟ್ಟ ಬಡಗಿ ನೀವು. ನಾವು ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಒಂದು ಹಲಗೆ ಇಳಿಜಾರಾಗಿ ಹಾಕಿಡಿ. ಇವತ್ತು ಅವಳು ನೆಗೆಯದೆ, ನಡೆದು ಒಳಗೆ ಬರಲಿ.