ಕಳೆ ಕಿತ್ತ ಕೈ

ಅಕ್ಟೋಬರ್ 9

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರಗಳು.

ಒಂದೂವರೆ ತಿಂಗಳಾಯಿತು ಕಾಗದ ಬರೆದು, ಬೈಯಬೇಡ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹರಿದು ಹಾಕಿದೆ. ಭಾವನ ಮಂಡಿನೋವು ಹೇಗಿದೆ? ಇಲ್ಲಿ ನಾವಿಬ್ಬರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಮಾತ್ರ ಕೈ ಬರುತ್ತಿಲ್ಲ.

ತೋಟದಲ್ಲಿ ಒಂದು ಘಟನೆ ನಡೆಯಿತು. ದ್ರಾಕ್ಷಿ ಬಣ್ಣ ತಿರುಗುವ ಹೊತ್ತಿಗೆ ನಡುವಿನ ಎಂಟು ಸಾಲುಗಳ ಎಲೆಗಳು ಮುದುಡಿ, ನರ ಎದ್ದು, ಬೀಸಣಿಗೆಯಂತಾದವು. ರೋಗವಲ್ಲ, ಕಳೆನಾಶಕ ತಾಗಿದ ಗುರುತು ಅದು. ಹನ್ನೊಂದು ವರ್ಷದಿಂದ ಒಂದು ತೊಟ್ಟು ವಿಷ ಬೀಳದ ಮಣ್ಣು, ಅಕ್ಕ! ಬೇಲಿಯಾಚೆ ಗಡ್ಡಣ್ಣನ ಜೋಳದ ಹೊಲವಿದೆಯಲ್ಲ, ಅವನು ಸಿಂಪಡಿಸಿದ್ದೇ ಗಾಳಿಗೆ ಹಾರಿ ಬಂದಿದೆ ಎಂದುಕೊಂಡೆ. ಹೋಗಿ ಬೇಲಿ ಹಿಡಿದು ಬಾಯಿಗೆ ಬಂದಂತೆ ಬೈದೆ. ಜೊತೆಯಲ್ಲಿ ಶಾಲೆಗೆ ಹೋದವನು ಎಂಬುದನ್ನೂ ನೋಡಲಿಲ್ಲ. ಅವನು ತುಟಿ ಪಿಟಕ್ಕೆನ್ನಲಿಲ್ಲ. ಗಡ್ಡ ನೀವಿಕೊಳ್ಳುತ್ತಾ ನಿಂತಿದ್ದ. ತಪ್ಪು ಮಾಡಿದವನ ಮೌನ ಎಂದು ನಾನು ಇನ್ನಷ್ಟು ಕೂಗಾಡಿದೆ.

ವಿಷಮುಕ್ತ ತೋಟ ಎಂಬ ಪ್ರಮಾಣಪತ್ರ ಕೊಡುವವರು ಪ್ರತಿ ವರ್ಷ ಬರುತ್ತಾರಲ್ಲ, ಆ ಪರೀಕ್ಷಕರು ಮರುವಾರ ಬಂದರು. ಕನ್ನಡಕ ಹಣೆಗೇರಿಸಿ ಸಾಲು ಸಾಲು ಓಡಾಡಿದರು, ಮಣ್ಣು ತೆಗೆದರು, ಎಲೆ ಕಿತ್ತರು. ಆಮೇಲೆ ಅಡುಗೆಮನೆಯ ಮೇಜಿನ ಮುಂದೆ ಕೂತು ಹೇಳಿದರು:

"ಪಕ್ಕದ ಹೊಲದಿಂದ ಬಂದಿದ್ರೆ ಬೇಲಿ ಹತ್ತಿರದ ಬಳ್ಳಿಗಳು ಮೊದಲು ಹೋಗ್ಬೇಕಿತ್ತು. ಅಲ್ಲಿ ಒಂದೆಲೆಗೂ ಏನೂ ಆಗಿಲ್ಲ. ಇದು ಒಳಗೇ ಹೊಡೆದಿರೋದು. ನಡುಸಾಲಲ್ಲಿ ಕೆಲಸ ಮಾಡೋರು ಯಾರು?"

"ಮನೆಯವರೇ, ಸ್ವಾಮಿ. ನಾನು, ನನ್ನ ಹೆಂಡತಿ," ಎಂದು ನಕ್ಕೆ.

ನನ್ನವಳು ಚಹಾದ ಲೋಟಗಳನ್ನು ಮೇಜಿನ ಮೇಲಿಟ್ಟಳು. "ನಾನೇ ಹೊಡೆದೆ," ಎಂದಳು.

ಅಕ್ಕ, ನನಗೆ ಕೇಳಿಸಲೇ ಇಲ್ಲ. ಕೇಳಿಸಿತು, ತಲೆಗೆ ಹೋಗಲಿಲ್ಲ. "ಏನು ಹೊಡೆದೆ?" ಎಂದು ಪೆದ್ದನಂತೆ ಕೇಳಿದೆ.

"ಕಳೆಗೆ ಔಷಧಿ. ಹೋದ ವರ್ಷ ಒಂದು ಸಲ, ಈ ವರ್ಷ ಮೂರು ಸಲ. ನಡುಸಾಲು ದಾರಿಗೆ ಕಾಣಲ್ಲ, ಅದಕ್ಕೇ ಅಲ್ಲಿ ಹೊಡೆದೆ."

"ಯಾಕೆ?"

"ಯಾಕೆ ಅಂತೀರಾ? ರೀ, ಬಂದವರಿಗೆಲ್ಲ ತೋಟ ತೋರಿಸ್ತಾ ಗಂಟೆಗಟ್ಟಲೆ ಮಾತಾಡ್ತೀರಲ್ಲ, 'ನಾವು ಕಳೆಯನ್ನ ಕೈಯಲ್ಲೇ ಕೀಳ್ತೀವಿ' ಅಂತ. ಯಾರ ಕೈಯಲ್ಲಿ?"

ಬಲಗೈಯನ್ನು ಮೇಜಿನ ಮೇಲೆ ಚಾಚಿದಳು. ಕೊನೆಯ ಎರಡು ಬೆರಳು ಮಡಿಸಿಕೊಂಡೇ ಇದ್ದವು. ಎಡಗೈಯಿಂದ ಬಿಡಿಸಿದಳು, ಬಿಟ್ಟ ಕೂಡಲೇ ಮತ್ತೆ ಮಡಿಸಿಕೊಂಡವು. ಪರೀಕ್ಷಕರು ಕಿಟಕಿಯ ಕಡೆ ತಿರುಗಿದರು. ಆ ಕೈ ಬಡಿಸಿದ್ದನ್ನು ನಾನು ದಿನಕ್ಕೆ ಮೂರು ಹೊತ್ತು ತಿನ್ನುತ್ತಿದ್ದೆ. ಬಳ್ಳಿಯ ಒಂದೊಂದು ಚಿಗುರಿನ ಬಾಗು ಬಲ್ಲವನು ನಾನು.

ಸಂಜೆ ಗಡ್ಡಣ್ಣನ ಬಳಿ ತಪ್ಪೊಪ್ಪಿಕೊಳ್ಳಲು ಹೋದೆ. ಅವನು ಕೂರು ಎಂದ. "ಔಷಧಿ ಡಬ್ಬ ಕೊಟ್ಟವನು ನಾನೇ ಮಾರಾಯಾ. ಕೈ ನೋವು ಅಂತ ಕಣ್ಣೀರು ಹಾಕ್ಕೊಂಡು ಕೇಳಿದ್ಲು, ಇಲ್ಲ ಅನ್ನೋಕಾಗ್ಲಿಲ್ಲ. ನೀನು ಬೈದಾಗ ಬಾಯಿ ಬಿಟ್ಟಿದ್ರೆ ಅವಳ ಮಾನ ಹೋಗ್ತಿತ್ತು."

ಪ್ರಮಾಣಪತ್ರ ಮೂರು ವರ್ಷಕ್ಕೆ ರದ್ದಾಯಿತು. ಆ ಎಂಟು ಸಾಲಿನ ಹಣ್ಣನ್ನು ಕಿತ್ತು ಗುಂಡಿಗೆ ಸುರಿದೆವು. ವೈದ್ಯರು ಅವಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದ್ದಾರೆ. ಒಂದು ಬೆರಳು ನೇರವಾದೀತು, ಇನ್ನೊಂದರ ಬಗ್ಗೆ ಭರವಸೆಯಿಲ್ಲವಂತೆ. ಈಗ ಕಳೆ ಕೀಳುವವನು ನಾನು. ಮೊದಲ ದಿನ ಒಂದೂವರೆ ಸಾಲು ಮುಗಿಸುವಷ್ಟರಲ್ಲಿ ಸೊಂಟ ಹಿಡಿದು, ಅಲ್ಲೇ ಮಣ್ಣಿನ ಮೇಲೆ ಮಲಗಿಬಿಟ್ಟೆ. ಅವಳು ದಿನಕ್ಕೆ ನಾಲ್ಕು ಸಾಲು ಮುಗಿಸಿ ಅಡುಗೆಗೆ ಹೋಗುತ್ತಿದ್ದಳು.

"ವಿಷ ಬೇಡ ಅಂತ ನನಗೂ ಇತ್ತು. ಆದ್ರೆ ನಮ್ಮ ಕೈಲಾಗುವಷ್ಟು ತೋಟ ಸಾಕು," ಎಂದಳು. ಕೆಳಗಿನ ಅರ್ಧವನ್ನು ಹುಲ್ಲಿಗೆ ಬಿಟ್ಟು ಕುರಿ ಮೇಯಿಸುವುದು ಎಂದಾಗಿದೆ. ಉಳಿದರ್ಧಕ್ಕೆ ಇಬ್ಬರು ಕೂಲಿಯವರನ್ನು ಗೊತ್ತು ಮಾಡಿದ್ದೇವೆ. ಲೆಕ್ಕಾಚಾರವೆಲ್ಲ ಅವಳದೇ. ನಾನು ಹೂಂ ಎಂದಿದ್ದೇನೆ, ಅಷ್ಟೆ. ಈಗೀಗ ನನ್ನೊಡನೆ ಎರಡು ಮಾತು ಹೆಚ್ಚು ಆಡುತ್ತಾಳೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ನನ್ನ ಆಶೀರ್ವಾದ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ತಮ್ಮ

ತಾ.ಕ.: ಕಾಗದ ಮಡಿಸಿದ ಮೇಲೆ ಲಕೋಟೆಗಾಗಿ ಅವಳ ಕಪಾಟು ತೆಗೆದೆ. ಸೀರೆಗಳ ಕೆಳಗೆ ನಿನ್ನ ಅಕ್ಷರದ ಕಾಗದ ಸಿಕ್ಕಿತು, ಹೋದ ವರ್ಷದ್ದು. "ಕೈಯ ವಿಷಯ ಅವನಿಗೆ ಹೇಳಬೇಡ. ಹೇಳಿದರೂ ಅವನು ತೋಟವನ್ನೇ ಆರಿಸಿಕೊಳ್ಳುತ್ತಾನೆ, ನಿನಗೆ ನೋವು ಹೆಚ್ಚು. ಯಾರಿಗೂ ತಿಳಿಯದಂತೆ ಸ್ವಲ್ಪ ಔಷಧಿ ಹೊಡೆದುಬಿಡು," ಎಂದು ಬರೆದಿದ್ದೀಯ. ಓದಿ, ಇದ್ದಂತೆಯೇ ಮಡಿಸಿಟ್ಟೆ. ಅಮ್ಮ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನೀನು. ನನ್ನನ್ನು ನಿನಗಿಂತ ಬಲ್ಲವರಿಲ್ಲ. ಸಿಟ್ಟಿಲ್ಲ ಅಕ್ಕ, ಒಂದೇ ಒಂದು ಬರೆ. ನಾನು ಅಂಥವನು ಎಂದು ನಿನಗೆ ಯಾವಾಗಿನಿಂದ ಗೊತ್ತಿತ್ತು?