ಹಂಡೆಗೆ ಅರಿಶಿನ

೧೪ ಅಕ್ಟೋಬರ್ ೧೯೯೬, ಸೋಮವಾರ. ತಿರುವನಂತಪುರ

ಬೆಳಿಗ್ಗೆ ಆರಕ್ಕೆ ನೀರು ಬಂತು. ಅಮ್ಮನ ಹಂಡೆ, ಎರಡು ಬಕೆಟ್, ಕುಡಿಯುವ ಬಿಂದಿಗೆ — ಎಲ್ಲ ತುಂಬಿಸಿದೆ. ಇವರು ತಿಂಡಿ ತಿಂದು ರಾಕೆಟ್ ಕೇಂದ್ರದ ಬಸ್ ಹತ್ತಿದರು.

ಹತ್ತಕ್ಕೆ ಕೆಳಮನೆಯ ಜಲಜಾ ಚೇಚಿ ಕರೆದರು. ನಮ್ಮ ಓನರ್. ಚೇಚಿ ಅಂದರೆ ಇಲ್ಲಿ ಅಕ್ಕ. ಅವರ ಬಚ್ಚಲ ಗೋಡೆಯಲ್ಲಿ ನೀರು ಇಳಿಯುತ್ತಿದೆ. ನಮ್ಮ ಬಚ್ಚಲು ನೇರ ಅದರ ಮೇಲೆ. ಗೋಡೆ ತುಂಬ ತಾವರೆ ಹೂವಿನ ಟೈಲ್ಸ್. ತೀರಿಹೋದ ಗಂಡ ಕೊಚ್ಚಿಯಿಂದ ತಂದು ಕೈಯಾರೆ ಕೂರಿಸಿದ್ದಂತೆ. ಒಂದೊಂದನ್ನೂ ಮುಟ್ಟಿ ತೋರಿಸಿದರು.

೨೦ ಅಕ್ಟೋಬರ್, ಭಾನುವಾರ

ರಾಕೆಟ್ಟಿನ ಟ್ಯಾಂಕ್ ಎಲ್ಲಿ ಸೋರುತ್ತದೆಂದು ಹುಡುಕುವುದಕ್ಕೇ ಇವರಿಗೆ ಸಂಬಳ. ಮನೆ ಸೋರಿದರೆ ಮರ್ಯಾದೆಯ ಪ್ರಶ್ನೆ! ನಲ್ಲಿಗಳನ್ನೆಲ್ಲ ಮುಚ್ಚಿ, ಪೇಪರ್ ಹಿಡಿದು ಒಂದು ಗಂಟೆ ಮೀಟರ್ ಮುಂದೆ ಕೂತರು. ಮುಳ್ಳು ಕದಲಲಿಲ್ಲ. ಫ್ಲಶ್ ಟ್ಯಾಂಕಿಗೆ ಬಟ್ಟೆಯ ನೀಲಿ ಹಾಕಿದರು. ಕೆಳಗೆ ನೀಲಿ ಇಳಿಯಲಿಲ್ಲ.

"ಮೀಟರ್ರೇ ಕೆಟ್ಟಿದೆ ಕಣೇ" ಅಂದರು. ಸೋತ ಸಿಟ್ಟು ಹಂಡೆಯ ಮೇಲೆ ತಿರುಗಿತು. "ಇದು ಬೇರೆ ಅರ್ಧ ಬಚ್ಚಲು ತಿಂತು. ಪಾತ್ರೆ ಅಂಗಡಿಗೆ ಹಾಕಿ ಪ್ಲಾಸ್ಟಿಕ್ ಡ್ರಮ್ ತರೋಣ."

ಅಮ್ಮ ಹೋಗಿ ಒಂದೂವರೆ ವರ್ಷ. ಮೈಸೂರಿನಿಂದ ನಾನು ತಂದದ್ದು ಇದೊಂದೇ. ತಂಪಾನೂರು ಸ್ಟೇಷನ್ನಿನಲ್ಲಿ ಇಳಿಸುವಾಗ ಕೂಲಿಯವನು ನಕ್ಕಿದ್ದ.

೨೨ ಅಕ್ಟೋಬರ್, ಮಂಗಳವಾರ. ಮಧ್ಯಾಹ್ನ ಮೂರು

ಮೋಡ. ಬಚ್ಚಲಲ್ಲಿ ಸುಮ್ಮನೆ ಕೂತಿದ್ದೆ, ಹಂಡೆಗೆ ಒರಗಿ. ಚಿಕ್ಕವಳಿದ್ದಾಗ ಅಮ್ಮ ಇದರ ಬಾಯಿಗೆ ಮುಖವಿಟ್ಟು "ಅನಸೂಯೇ..." ಎಂದು ಕೂಗುತ್ತಿದ್ದಳು. ಹೆಸರು ಒಳಗೆಲ್ಲ ಸುತ್ತಾಡಿ, ದಪ್ಪಗಾಗಿ, ತಡವಾಗಿ ಹೊರಗೆ ಬರುತ್ತಿತ್ತು. ಇವತ್ತು ನಾನೇ ಕೂಗಿಕೊಂಡೆ. ಬಂದದ್ದು ಅಮ್ಮನ ದನಿ. ಹೌದು, ಅಮ್ಮನದೇ.

ಮತ್ತೆ ಬಗ್ಗಿದೆ. ಬೆಳಿಗ್ಗೆ ಕಂಠದವರೆಗೆ ಇದ್ದ ನೀರು ನಾಲ್ಕು ಬೆರಳು ಕೆಳಗೆ. ಒಂದು ಚೊಂಬೂ ತೆಗೆದಿರಲಿಲ್ಲ... ಬುಡಕ್ಕೆ ಕೈ ಹಾಕಿದೆ. ಸೂಜಿ ಮೊನೆಯಷ್ಟು ತೂತು. ಕೆಳಗೆ ನೆಲದಲ್ಲಿ ಬಿರುಕು.

ದೀಪದ ಬುಡದಲ್ಲೇ ಕತ್ತಲೆ. ಪೈಪ್ ಇರುವುದನ್ನೆಲ್ಲ ಇವರು ಪರೀಕ್ಷಿಸಿದರು. ಹಂಡೆಗೆ ಪೈಪ್ ಇಲ್ಲವಲ್ಲ!

ಹೇಳಿದರೆ ಹಂಡೆ ನಾಳೆಯೇ ಅಂಗಡಿಗೆ. ಬಟ್ಟೆ ಸೋಪನ್ನು ನಾದಿ ತೂತಿಗೆ ಮೆತ್ತಿದೆ. ಹೇಳಲಿಲ್ಲ.

೨೬ ಅಕ್ಟೋಬರ್, ಶನಿವಾರ

ಪ್ಲಂಬರ್ ಜೋಸೆಫ್ ಬಂದ. ಚೇಚಿಯ ಗೋಡೆಗೆ ಕಿವಿಯಿಟ್ಟು, ಬೆರಳಲ್ಲಿ ಬಡಿದು, "ಪೈಪ್ ತನ್ನೆ, ಸಾರೇ" ಎಂದ. ಪೈಪೇ ಅಂತೆ. ಆರು ಟೈಲ್ಸ್ ಒಡೆದ. ಒಳಗೆ ಪೈಪ್ ಗಟ್ಟಿಯಾಗಿತ್ತು. ಆದರೂ ಬದಲಾಯಿಸಿದ.

ಚೇಚಿ ತಾವರೆಯ ಚೂರುಗಳನ್ನು ಸೆರಗಿಗೆ ಆಯ್ದುಕೊಂಡರು. ನಾನು ಪಕ್ಕದಲ್ಲೇ ಇದ್ದೆ. ನಾಚಿಕೆಯಾಗುತ್ತದೆ.

೩೧ ಅಕ್ಟೋಬರ್

ಗೋಡೆ ಒಣಗಿದೆ. ಎಲ್ಲರೂ ಜೋಸೆಫನನ್ನು ಹೊಗಳುತ್ತಾರೆ. ಚೇಚಿ ಪಾಯಸ ಕಳಿಸಿದರು. ಅಷ್ಟನ್ನೂ ಇವರಿಗೇ ಬಡಿಸಿದೆ.

೭ ನವೆಂಬರ್, ಗುರುವಾರ

ಗೋಡೆ ಮತ್ತೆ ಒದ್ದೆ. ಸೋಪು ಕರಗುತ್ತಿದೆ. ಸೋಮವಾರ ಇಡೀ ಗೋಡೆ ಒಡೆಯಬೇಕಂತೆ. ಚೇಚಿ ಉಳಿದ ತಾವರೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ನನ್ನ ಹಂಡೆ ಉಳಿಯಲು ಅವರ ಗೋಡೆ ಹೋಗಬೇಕು. ಎಂಥ ಹೆಂಗಸು ನಾನು.

೯ ನವೆಂಬರ್, ಶನಿವಾರ. ಸಂಜೆ ನಾಲ್ಕು

ನೀರು ತುಂಬುವ ಹಬ್ಬ. ಈ ಬೀದಿಯಲ್ಲಿ ನಮ್ಮ ಮನೆಗೊಂದೇ. ನಾಳೆಯ ಎಣ್ಣೆಸ್ನಾನಕ್ಕೆ ಇವತ್ತೇ ಹಂಡೆ ಬೆಳಗಿ, ಸುಣ್ಣದ ಗೀಟೆಳೆದು, ಹೂವು ಮುಡಿಸಿ ತುಂಬಬೇಕು. ಇವರು ಪೇಟೆಗೆ ಹೋಗಿದ್ದಾರೆ.

ಹುಣಸೆಹಣ್ಣು ಹಾಕಿ ತಿಕ್ಕಿದರೆ ಸೋಪು ಬಿಟ್ಟುಬರುತ್ತದೆಂದು ಗೊತ್ತಿತ್ತು. ತಿಕ್ಕಿದೆ. ಬುಡದವರೆಗೂ ತಿಕ್ಕಿದೆ. ಅಮ್ಮ ತಿಕ್ಕುತ್ತಿದ್ದ ಹಾಗೆ. ಕಂಠದವರೆಗೆ ತುಂಬಿಸಿದೆ. ಆಮೇಲೆ ಒಂದು ಬೊಗಸೆ ಅರಿಶಿನ ಕದಡಿದೆ. ಹಬ್ಬದ ದಿನ ನೀಲಿ ಹಾಕಲು ಮನಸ್ಸಾಗಲಿಲ್ಲ.

ಐದೂಕಾಲು

ಬಚ್ಚಲ ಹೊಸ್ತಿಲ ಮೇಲೆ ಕೂತಿದ್ದೇನೆ. ನೀರು ಎರಡು ಬೆರಳು ಇಳಿದಿದೆ. ಕಿಟಕಿಯ ಬಿಸಿಲು ಹಂಡೆಯಲ್ಲಿ ಬಿದ್ದು, ಸೂರೆಲ್ಲ ಹಳದಿ ಹಳದಿ ಅಲುಗುತ್ತಿದೆ. ನೋಡುತ್ತ ಎಷ್ಟು ಹೊತ್ತಾಯಿತೋ...

ಕೆಳಗಿನಿಂದ ಕೂಗು.

"ಅನಸೂಯೇ...! ಮಞ್ಞ ವೆಳ್ಳಂ!"

ಹಳದಿ ನೀರು. ಗೋಡೆಯೊಳಗಿಂದ, ನೆಲದೊಳಗಿಂದ ಬಂತು ಕೂಗು, ದಪ್ಪಗೆ, ತಡವಾಗಿ. ಅಮ್ಮ ಹೋದ ಮೇಲೆ ನನ್ನ ಹೆಸರನ್ನು ಇಷ್ಟು ಎಳೆದು ಯಾರೂ ಕರೆದಿರಲಿಲ್ಲ. ಅಳು ಬಂತು.

ಮೆಟ್ಟಿಲಲ್ಲಿ ಚೇಚಿಯ ಚಪ್ಪಲಿ ಸದ್ದು. ಬರಲಿ. ಹೇಳಿಬಿಡುತ್ತೇನೆ. ಚೇಚಿ, ಗೋಡೆ ಒಡೆಯಬೇಡಿ. ನನಗೆ ಮೊದಲೇ ಗೊತ್ತಿತ್ತು. ಸೋರುತ್ತಿರುವುದು ನಮ್ಮಮ್ಮನ...